‘ಇವನ ಸ್ವಭಾವವೇ ಹೀಗೆ’ ಎಂದು ಬರೆಯುವ ಮುನ್ನ: ಕ್ರೇಟೋಸ್ ಬದಲಾದ ಬಗೆ

ಬೋಧನಾಭ್ಯಾಸಕ್ಕೆಂದು ಶಾಲೆಗೆ ಹೋದ ಪ್ರಶಿಕ್ಷಣಾರ್ಥಿಗೆ ಮೊದಲ ವಾರದಲ್ಲೇ ಕಿವಿಗೆ ಬೀಳುವ ಮಾತು ಒಂದಿದೆ: "ಆ ಹುಡುಗನ ಸ್ವಭಾವವೇ ಹೀಗೆ, ನೀವು ತಲೆ ಕೆಡಿಸಿಕೊಳ್ಳಬೇಡಿ." ಹೇಳುವವರು ಕೆಟ್ಟ ಉದ್ದೇಶದಿಂದ ಹೇಳುವುದಿಲ್ಲ. ಹೊಸಬರಿಗೆ ತೊಂದರೆಯಾಗದಿರಲಿ ಎಂಬ ಕಾಳಜಿಯೇ ಅದರಲ್ಲಿರುತ್ತದೆ. ಆದರೆ ಆ ಮಾತು ನಮ್ಮ ಜೊತೆಗೆ ತರಗತಿಯೊಳಗೆ ಬರುತ್ತದೆ. ನಾವು ಪ್ರಶ್ನೆ ಕೇಳುವಾಗ ಆ ಹುಡುಗನ ಬೆಂಚನ್ನು ದಾಟಿ ಹೋಗುತ್ತೇವೆ. ಕೊನೆಗೆ ವ್ಯಕ್ತಿ ಅಧ್ಯಯನ ಬರೆಯುವಾಗ ‘ವಿದ್ಯಾರ್ಥಿಯ ಸ್ವಭಾವ’ ಎಂಬ ಸಾಲಿನ ಮುಂದೆ ‘ಒರಟು’, ‘ಸೋಮಾರಿ’, ‘ಅಂತರ್ಮುಖಿ’ ಎಂದು ಒಂದು ಪದ ಬರೆದು ಸಹಿ ಮಾಡುತ್ತೇವೆ.

ಸ್ವಭಾವ ಬದಲಾಗುತ್ತದೆಯೇ? ಬದಲಾದರೆ ಆ ಬದಲಾವಣೆ ಯಾವ ರೂಪದಲ್ಲಿ ಕಾಣುತ್ತದೆ? ಈ ಪ್ರಶ್ನೆಗೆ ನಾನು ಇಲ್ಲಿ ಉದಾಹರಣೆ ತೆಗೆದುಕೊಳ್ಳುತ್ತಿರುವುದು ಒಂದು ವಿಡಿಯೋ ಗೇಮ್ ಸರಣಿಯಿಂದ. ಹೆಸರು ‘ಗಾಡ್ ಆಫ್ ವಾರ್’, ನಾಯಕ ಕ್ರೇಟೋಸ್. 2005ರಿಂದ ನಡೆದುಬಂದಿರುವ ಈ ಸರಣಿಯಲ್ಲಿ ಒಬ್ಬನೇ ಮನುಷ್ಯನ ಸ್ವಭಾವ ಹಂತ ಹಂತವಾಗಿ ಬದಲಾಗುವುದನ್ನು ನೋಡಬಹುದು. ಅದಕ್ಕಿಂತ ಮುಖ್ಯವಾಗಿ, ಆ ಬದಲಾವಣೆ ನಡೆಯುವುದು ಅವನು ಒಂದು ಮಗುವಿಗೆ ಕಲಿಸಬೇಕಾಗಿ ಬಂದಾಗ. ಆದ್ದರಿಂದ ಇದು ನಮಗೆ ಸಂಬಂಧಿಸಿದ ವಿಷಯ.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಇದು ರಕ್ತಪಾತ ತುಂಬಿರುವ, ವಯಸ್ಕರಿಗೆಂದು ಗುರುತು ಹಾಕಿರುವ ಗೇಮ್. ಇದನ್ನು ತರಗತಿಯಲ್ಲಿ ತೋರಿಸಬೇಕೆಂದು ನಾನು ಹೇಳುತ್ತಿಲ್ಲ. ಶಿಕ್ಷಕರಾಗುವವರು ಇದರಿಂದ ಏನು ಗಮನಿಸಬಹುದು ಎಂಬುದಷ್ಟೇ ನನ್ನ ವಿಷಯ.

ಮೂರು ಬಗೆಯ ಬದಲಾವಣೆ

ದೀರ್ಘಕಾಲ ನಡೆಯುವ ಗೇಮ್ ಸರಣಿಗಳಲ್ಲಿ ನಾಯಕರ ವ್ಯಕ್ತಿತ್ವ ಬದಲಾಗುವುದು ಸಾಮಾನ್ಯ. ಆದರೆ ಎಲ್ಲ ಬದಲಾವಣೆಯೂ ಒಂದೇ ತರಹದ್ದಲ್ಲ.

ಮೊದಲನೆಯದು, ಕಥೆಯನ್ನೇ ಹೊಸದಾಗಿ ಶುರು ಮಾಡುವುದು. ‘ಟೂಂಬ್ ರೈಡರ್’ ಸರಣಿಯ ಲಾರಾ ಕ್ರಾಫ್ಟ್ 1996ರಲ್ಲಿ ಬಂದಾಗ ಯಾವುದಕ್ಕೂ ಅಂಜದ, ಚುರುಕು ಮಾತಿನ ಸಾಹಸಿ. 2013ರ ಗೇಮಿನಲ್ಲಿ ಅವಳು ಹಡಗು ಒಡೆದು ದ್ವೀಪವೊಂದರಲ್ಲಿ ಸಿಕ್ಕಿಬಿದ್ದ, ಹೆದರಿದ ಯುವತಿ. ಇಲ್ಲಿ ಲಾರಾ ಬದಲಾದಳು ಎನ್ನುವುದಕ್ಕಿಂತ ಬೇರೊಬ್ಬ ಲಾರಾಳನ್ನು ಬರೆದರು ಎನ್ನುವುದೇ ಸರಿ. ಇದು ನಮಗೆ ಹೊಸತೇನಲ್ಲ. ನಾಗಚಂದ್ರನ ರಾವಣ ವಾಲ್ಮೀಕಿಯ ರಾವಣನಲ್ಲ ಎಂಬುದನ್ನು ಕನ್ನಡ ಪಾಠದಲ್ಲಿ ಓದಿದ್ದೇವೆ.

ಎರಡನೆಯದು, ಕಾರಣ ಕೊಡದೆ ಬದಲಾಯಿಸುವುದು. 2003ರ ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ ಗೇಮಿನ ರಾಜಕುಮಾರ ಸ್ವಲ್ಪ ಜಂಬದ, ತನ್ನನ್ನೇ ಗೇಲಿ ಮಾಡಿಕೊಳ್ಳಬಲ್ಲ ಹುಡುಗ. ಒಂದೇ ವರ್ಷದ ನಂತರ ಬಂದ ‘ವಾರಿಯರ್ ವಿದಿನ್’ ಗೇಮಿನಲ್ಲಿ ಅವನು ಸದಾ ಕೋಪದಲ್ಲಿ ಗುಡುಗುವ ಯೋಧ. ಸಾವು ಬೆನ್ನಟ್ಟಿರುವುದರಿಂದ ಹೀಗಾದ ಎಂದು ಕಥೆ ಹೇಳುತ್ತದೆ, ಆದರೆ ಆಗುತ್ತಿರುವುದನ್ನು ನಮಗೆ ತೋರಿಸುವುದಿಲ್ಲ. ಮೂಲ ಗೇಮಿನ ಸೃಷ್ಟಿಕರ್ತ ಜೋರ್ಡಾನ್ ಮೆಕ್ನರ್ ಅವರೇ ಆ ಗೇಮಿನ ಧಾಟಿ ತಮಗೆ ಹಿಡಿಸಲಿಲ್ಲವೆಂದು ಬಹಿರಂಗವಾಗಿ ಹೇಳಿದರು.

ಮೂರನೆಯದು, ಅದೇ ಬದುಕನ್ನು ಮುಂದುವರಿಸಿ, ಹಿಂದಿನದನ್ನು ಅಳಿಸದೆ, ಬದಲಾವಣೆಗೆ ಲೆಕ್ಕ ಕೊಡುವುದು. ಕ್ರೇಟೋಸ್ ಈ ಗುಂಪಿಗೆ ಸೇರಿದವನು. ಶಾಲೆಯಲ್ಲಿ ನಮ್ಮ ಎದುರಿಗಿರುವ ಮಕ್ಕಳೂ ಈ ಗುಂಪಿನವರೇ. ಅವರ ಕಥೆಯನ್ನು ಜೂನ್ ತಿಂಗಳಲ್ಲಿ ಹೊಸದಾಗಿ ಶುರು ಮಾಡಲು ಯಾರಿಗೂ ಸಾಧ್ಯವಿಲ್ಲ.

ಹಳೆಯ ಕ್ರೇಟೋಸ್

ಸಾಂಟಾ ಮೋನಿಕಾ ಸ್ಟುಡಿಯೋ 2005ರಲ್ಲಿ ಹೊರತಂದ ಮೊದಲ ಗೇಮಿನ ನಿರ್ದೇಶಕರು ಡೇವಿಡ್ ಜಾಫೆ. ಕಥೆ ನಡೆಯುವುದು ಗ್ರೀಕ್ ಪುರಾಣದ ಲೋಕದಲ್ಲಿ. ಕ್ರೇಟೋಸ್ ಸ್ಪಾರ್ಟಾದ ಸೇನಾನಿ. ಯುದ್ಧದಲ್ಲಿ ಸೋಲುವ ಕ್ಷಣದಲ್ಲಿ ಯುದ್ಧದೇವತೆ ಏರೀಸ್‌ನನ್ನು ಕರೆದು ತನ್ನ ಬದುಕನ್ನೇ ಅವನಿಗೆ ಒಪ್ಪಿಸುತ್ತಾನೆ. ಪ್ರತಿಯಾಗಿ ಸಿಕ್ಕಿದ್ದು ಮುಂಗೈಗೆ ಸುಟ್ಟು ಅಂಟಿಸಿದ ಸರಪಳಿಯ ಎರಡು ಕತ್ತಿಗಳು. ಮುಂದೆ ಏರೀಸ್‌ನ ಮೋಸದಿಂದ ತನ್ನ ಹೆಂಡತಿಯನ್ನೂ ಮಗಳು ಕ್ಯಾಲಿಯೋಪಿಯನ್ನೂ ತಾನೇ ಕೊಲ್ಲುತ್ತಾನೆ. ಅವರ ಚಿತಾಭಸ್ಮ ಅವನ ಮೈಗೆ ಶಾಪವಾಗಿ ಅಂಟಿಕೊಳ್ಳುತ್ತದೆ. ಅವನ ಚರ್ಮ ಬೂದಿಯ ಬಣ್ಣದ್ದಾಗಿರುವುದು ಆ ಕಾರಣಕ್ಕೆ.

ಈ ಕ್ರೇಟೋಸ್‌ಗೆ ಉಳಿದಿರುವುದು ಸಿಟ್ಟು ಮಾತ್ರ. ಮೊದಲ ಗೇಮಿನಲ್ಲಿ ಪಂಜರದಲ್ಲಿರುವ ಸೈನಿಕನೊಬ್ಬನನ್ನು ಬೆಂಕಿಗೆ ಬಲಿ ಕೊಡದೆ ಮುಂದಿನ ಬಾಗಿಲು ತೆರೆಯುವುದಿಲ್ಲ. ಅವನು ಬೇಡಿಕೊಳ್ಳುತ್ತಿರುವಾಗಲೇ ಆಟಗಾರ ಆ ಪಂಜರವನ್ನು ತಳ್ಳಬೇಕು. 2010ರ ಮೂರನೇ ಗೇಮಿನಲ್ಲಿ ಅವನು ಒಲಿಂಪಸ್‌ನ ದೇವತೆಗಳನ್ನು ಒಬ್ಬೊಬ್ಬರಾಗಿ ಕೊಲ್ಲುತ್ತಾನೆ. ಪೊಸೈಡನ್ ಸತ್ತರೆ ಸಮುದ್ರ ಉಕ್ಕುತ್ತದೆ, ಹೀಲಿಯೋಸ್ ಸತ್ತರೆ ಸೂರ್ಯ ಮರೆಯಾಗುತ್ತಾನೆ. ಲೋಕ ಹಾಳಾಗುತ್ತಿದ್ದರೂ ಅವನು ನಿಲ್ಲುವುದಿಲ್ಲ. ಕೊನೆಯಲ್ಲಿ ತನ್ನ ತಂದೆ ಜ್ಯೂಸ್‌ನನ್ನು ಮುಷ್ಟಿಯಿಂದ ಗುದ್ದುವಾಗ ಪರದೆ ಪೂರ್ತಿ ಕೆಂಪಾಗುತ್ತದೆ. ಆಟಗಾರ ಬಟನ್ ಒತ್ತುವುದನ್ನು ತಾನಾಗಿ ನಿಲ್ಲಿಸುವವರೆಗೂ ಹೊಡೆತ ನಿಲ್ಲುವುದಿಲ್ಲ.

ಇಷ್ಟನ್ನೇ ನೋಡಿದವರು ‘ಇವನ ಸ್ವಭಾವವೇ ಹೀಗೆ’ ಎಂದು ಬರೆದರೆ ತಪ್ಪು ಹೇಳಲಾಗದು. ಆದರೂ ಅದೇ ಹಳೆಯ ಗೇಮುಗಳಲ್ಲಿ ಬೇರೆ ದಾಖಲೆಗಳೂ ಇವೆ. 2008ರ ‘ಚೇನ್ಸ್ ಆಫ್ ಒಲಿಂಪಸ್’ ಗೇಮಿನಲ್ಲಿ ಸತ್ತ ಮಗಳು ಅವನಿಗೆ ಮತ್ತೆ ಸಿಗುತ್ತಾಳೆ. ಲೋಕ ಉಳಿಯಬೇಕಾದರೆ ಅವನು ಅವಳನ್ನು ಬಿಟ್ಟು ಹೋಗಬೇಕು. ತಬ್ಬಿಕೊಂಡ ಮಗಳನ್ನು ದೂರ ತಳ್ಳಲು ಆಟಗಾರ ಬಟನ್ ಅನ್ನು ಮತ್ತೆ ಮತ್ತೆ ಒತ್ತಬೇಕಾಗುತ್ತದೆ. ಮೂರನೇ ಗೇಮಿನಲ್ಲಿ ಪಂಡೋರಾ ಎಂಬ ಹುಡುಗಿ ತನ್ನನ್ನೇ ಬಲಿ ಕೊಡಲು ಹೊರಟಾಗ ಅವನು ಅವಳ ಕೈ ಹಿಡಿದು ತಡೆಯುತ್ತಾನೆ. ಮುಂದಿನ ಕ್ರೇಟೋಸ್‌ನ ಬೀಜ ಈ ಜಾಗಗಳಲ್ಲಿದೆ. ಗದ್ದಲದ ನಡುವೆ ಇವನ್ನು ಗಮನಿಸಿದವರು ಕಡಿಮೆ. ಐವತ್ತು ಮಕ್ಕಳ ತರಗತಿಯಲ್ಲೂ ನಮ್ಮ ಕಣ್ಣು ಮೊದಲು ಹೋಗುವುದು ಗದ್ದಲದ ಕಡೆಗೆ.

ಕಲಿಸಲು ಬಾರದ ತಂದೆ

2018ರ ಗೇಮನ್ನು ನಿರ್ದೇಶಿಸಿದವರು ಕೋರಿ ಬಾರ್ಲಾಗ್. ಕ್ರೇಟೋಸ್ ಈಗ ಉತ್ತರದ ನಾರ್ಸ್ ದೇವತೆಗಳ ನಾಡಿನಲ್ಲಿದ್ದಾನೆ. ಗಡ್ಡ ಬಂದಿದೆ, ವಯಸ್ಸಾಗಿದೆ. ಎರಡನೇ ಹೆಂಡತಿ ತೀರಿಕೊಂಡಿದ್ದಾಳೆ. ಅವಳ ಚಿತಾಭಸ್ಮವನ್ನು ಎಲ್ಲ ಲೋಕಗಳಲ್ಲಿ ಅತಿ ಎತ್ತರದ ಶಿಖರದಿಂದ ಚೆಲ್ಲಬೇಕೆಂಬುದು ಅವಳ ಕೊನೆಯ ಆಸೆ. ಜೊತೆಗಿರುವವನು ಅಟ್ರಿಯಸ್ ಎಂಬ ಚಿಕ್ಕ ಮಗ. ಅವನನ್ನು ಬೆಳೆಸಿದ್ದು ಬಹುತೇಕ ತಾಯಿಯೇ. ತಂದೆಗೆ ಮಗನ ಪರಿಚಯ ಅಷ್ಟಕ್ಕಷ್ಟೇ.

ಮೊದಲ ಪಾಠ ಜಿಂಕೆ ಬೇಟೆ. ಅಟ್ರಿಯಸ್ ಅವಸರದಲ್ಲಿ ಬಾಣ ಬಿಡುತ್ತಾನೆ, ಜಿಂಕೆ ತಪ್ಪಿಸಿಕೊಳ್ಳುತ್ತದೆ. ಕ್ರೇಟೋಸ್ ಗದರಿ ಬಿಲ್ಲನ್ನು ಕಿತ್ತುಕೊಳ್ಳುತ್ತಾನೆ. ಮಗನನ್ನು ಹೆಸರಿನಿಂದ ಕರೆಯುವುದು ಅಪರೂಪ, ‘ಹುಡುಗ’ ಎನ್ನುವುದೇ ಹೆಚ್ಚು. ಬೇಟೆ ಮುಗಿದ ಮೇಲೆ ನಡುಗುತ್ತಿರುವ ಮಗನ ಬೆನ್ನಿನ ಕಡೆಗೆ ಅವನ ಕೈ ಚಾಚುತ್ತದೆ, ಮುಟ್ಟದೆ ಹಿಂದಕ್ಕೆ ಬರುತ್ತದೆ. ಮಗನಿಗೆ ಅದು ಕಾಣುವುದೂ ಇಲ್ಲ.

ಇದನ್ನು ನಮ್ಮ ಬೋಧನಾ ಕೌಶಲ್ಯಗಳ ವೀಕ್ಷಣಾ ನಮೂನೆಯಲ್ಲಿ ತುಂಬಿದರೆ ಕ್ರೇಟೋಸ್‌ಗೆ ಒಳ್ಳೆಯ ಅಂಕ ಬರುವುದಿಲ್ಲ. ಬಲವರ್ಧನೆ ಇಲ್ಲ, ಪ್ರಶ್ನೆ ಇಲ್ಲ, ಬರೀ ಆಜ್ಞೆ. ದೋಣಿಯಲ್ಲಿ ಹೋಗುವಾಗ ಮಗ ಕಥೆ ಕೇಳಿದರೆ ಆಮೆ ಮತ್ತು ಮೊಲದ ಕಥೆಯನ್ನು ನಾಲ್ಕೈದು ಒಣ ವಾಕ್ಯಗಳಲ್ಲಿ ಮುಗಿಸಿಬಿಡುತ್ತಾನೆ. ಆದರೂ ಅವನು ಕಥೆ ಹೇಳಿದ ಎಂಬುದನ್ನು ಗಮನಿಸಬೇಕು. ಗ್ರೀಸ್‌ನ ಕ್ರೇಟೋಸ್ ಯಾರಿಗೂ ಕಥೆ ಹೇಳಿದವನಲ್ಲ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯವಾಗಿ ಕಂಡಿತು. ಆ ನಾಡಿನ ಲಿಪಿಯನ್ನು ಕ್ರೇಟೋಸ್‌ಗೆ ಓದಲು ಬರುವುದಿಲ್ಲ. ತಾಯಿಯಿಂದ ಕಲಿತ ಅಟ್ರಿಯಸ್‌ಗೆ ಬರುತ್ತದೆ. ಕಲ್ಲಿನ ಬರಹ ಎದುರಾದಾಗಲೆಲ್ಲ ತಂದೆ ಮಗನ ಕಡೆ ತಿರುಗಬೇಕು. ಕಲಿಸುವವನಿಗೆ ಗೊತ್ತಿಲ್ಲದ್ದು ಕಲಿಯುವವನಿಗೆ ಗೊತ್ತಿದೆ. ಇಬ್ಬರ ಸಂಬಂಧ ಸಡಿಲವಾಗುವುದಕ್ಕೆ ಈ ಸಣ್ಣ ಅವಲಂಬನೆಯೂ ಒಂದು ಕಾರಣ. ಗ್ರಾಮೀಣ ಶಾಲೆಯಲ್ಲಿ ‘ಸಸ್ಯಗಳಲ್ಲಿ ಪ್ರಜನನ’ ಪಾಠ ಮಾಡುವ ಪಟ್ಟಣದ ಪ್ರಶಿಕ್ಷಣಾರ್ಥಿಗೆ ಬೆಳೆ, ಹೂವು, ಕಾಯಿ ಕಟ್ಟುವ ಕಾಲದ ಬಗ್ಗೆ ಮಕ್ಕಳೇ ಹೇಳಿಕೊಡಬಲ್ಲರು. ಕೇಳುತ್ತೇವೆಯೇ ಎಂಬುದು ಪ್ರಶ್ನೆ.

ಕ್ಯಾಮೆರಾ ಬದಲಾದದ್ದನ್ನೂ ಹೇಳಬೇಕು. ಹಳೆಯ ಗೇಮುಗಳಲ್ಲಿ ಕ್ಯಾಮೆರಾ ದೂರದಲ್ಲಿ, ಎತ್ತರದಲ್ಲಿ ಇರುತ್ತಿತ್ತು. ಅಲ್ಲಿಂದ ಕ್ರೇಟೋಸ್ ಕೊಲ್ಲುವ ಯಂತ್ರದಂತೆ ಕಾಣುತ್ತಿದ್ದ. 2018ರ ಗೇಮಿನಲ್ಲಿ ಅದು ಅವನ ಭುಜದ ಹಿಂದೆಯೇ ಇದೆ, ಮೊದಲಿನಿಂದ ಕೊನೆಯವರೆಗೆ ಎಲ್ಲೂ ತುಂಡಾಗದ ಒಂದೇ ದೃಶ್ಯವಾಗಿ ಸಾಗುತ್ತದೆ. ಚಾಚಿ ಹಿಂದಕ್ಕೆ ಬಂದ ಆ ಕೈ ನಮಗೆ ಕಂಡದ್ದು ಈ ಹತ್ತಿರದಿಂದ. ಕಪ್ಪುಹಲಗೆಯ ಬಳಿ ನಿಂತು ನೋಡಿದಾಗ ಕಾಣುವ ಮಗುವಿಗೂ ಬೆಂಚಿನ ಪಕ್ಕ ಕುಳಿತು ನೋಡಿದಾಗ ಕಾಣುವ ಮಗುವಿಗೂ ಇಂಥದ್ದೇ ವ್ಯತ್ಯಾಸವಿದೆ.

ನೆಲದಡಿಯ ಕತ್ತಿಗಳು

ಕ್ರೇಟೋಸ್ ತನ್ನ ಹಿಂದಿನ ಬದುಕನ್ನು ಮಗನಿಂದ ಬಚ್ಚಿಟ್ಟಿದ್ದಾನೆ. ಹಳೆಯ ಕತ್ತಿಗಳನ್ನು ಮನೆಯ ನೆಲದಡಿ ಹೂತಿದ್ದಾನೆ. ಮುಂಗೈಯ ಸುಟ್ಟ ಗುರುತು ಕಾಣದಂತೆ ಬಟ್ಟೆ ಸುತ್ತಿದ್ದಾನೆ. ಮಗ ಕಾಯಿಲೆಬಿದ್ದು, ಹಿಮವೇ ತುಂಬಿದ ಸತ್ತವರ ಲೋಕಕ್ಕೆ ಹೋಗಿ ಔಷಧಿ ತರಬೇಕಾದಾಗ, ಅಲ್ಲಿ ಕೆಲಸ ಮಾಡುವುದು ಬೆಂಕಿಯ ಆ ಕತ್ತಿಗಳು ಮಾತ್ರ. ಅವನು ನೆಲ ಕಿತ್ತು ಅವನ್ನು ಹೊರತೆಗೆಯುತ್ತಾನೆ. ಹಳೆಯ ದೇವತೆ ಅಥೀನಾಳ ನೆರಳು ಎದುರು ನಿಂತು, ನೀನು ಎಂದಿಗೂ ರಾಕ್ಷಸನೇ ಎನ್ನುತ್ತದೆ. ಅವನು ಅದನ್ನು ಅಲ್ಲಗಳೆಯುವುದಿಲ್ಲ, ಆದರೆ ಇನ್ನು ಮುಂದೆ ನಿನ್ನ ಕೈಗೊಂಬೆಯಾಗಿ ಇರಲಾರೆ ಎಂಬರ್ಥದ ಉತ್ತರ ಕೊಟ್ಟು ಮುಂದೆ ಹೋಗುತ್ತಾನೆ. ಆಯುಧ ಅದೇ, ತೋಳಿನ ಬಲವೂ ಅದೇ, ಉದ್ದೇಶ ಮಾತ್ರ ಬೇರೆ.

ಮಗ ಗುಣವಾದ ಮೇಲೆ ತಂದೆ ಒಂದು ಗುಟ್ಟು ಹೇಳುತ್ತಾನೆ: ನೀನು ದೇವರ ವಂಶದವನು. ಇದರ ಪರಿಣಾಮ ನಾವು ನಿರೀಕ್ಷಿಸಿದಂತಿಲ್ಲ. ಅಟ್ರಿಯಸ್ ಸೊಕ್ಕಿನವನಾಗುತ್ತಾನೆ. ಆಗಲೇ ಸೋತು ನಿತ್ರಾಣನಾಗಿದ್ದ ಥಾರ್‌ನ ಮಗನೊಬ್ಬನನ್ನು ತಂದೆ ಬೇಡವೆಂದರೂ ಕೊಲ್ಲುತ್ತಾನೆ. ‘ನೀನು ಸಾಮಾನ್ಯನಲ್ಲ’ ಎಂಬ ಒಳ್ಳೆಯ ಹಣೆಪಟ್ಟಿಯೂ ಮಗುವನ್ನು ಕೆಡಿಸಬಲ್ಲದು. ತರಗತಿಯ ‘ಬುದ್ಧಿವಂತ’ ಗುಂಪಿನ ಬಗ್ಗೆಯೂ ನಾವು ಯೋಚಿಸಬೇಕಾದ ಮಾತು ಇದು. ಮನೋವಿಜ್ಞಾನ ಪತ್ರಿಕೆಯಲ್ಲಿ ಓದಿದ ರೋಸೆಂತಾಲ್ ಮತ್ತು ಜೇಕಬ್‌ಸನ್ ಅವರ 1968ರ ಅಧ್ಯಯನ ಶಿಕ್ಷಕರ ನಿರೀಕ್ಷೆ ಮಗುವಿನ ಕಲಿಕೆಯ ಮೇಲೆ ಪ್ರಭಾವ ಬೀರುತ್ತದೆ ಎಂದಿತು. ಆ ಪ್ರಭಾವ ಎಷ್ಟು ದೊಡ್ಡದು ಎಂಬ ಚರ್ಚೆ ನಂತರವೂ ನಡೆದಿದೆ. ಆದರೆ ನಿರೀಕ್ಷೆ ನಮ್ಮ ನಡೆಯಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಬೋಧನಾಭ್ಯಾಸ ಮಾಡಿದ ಯಾರೂ ತಳ್ಳಿಹಾಕಲಾರರು.

ಕಥೆಯ ಕೊನೆಯ ಭಾಗದಲ್ಲಿ ಕ್ರೇಟೋಸ್ ಬಚ್ಚಿಟ್ಟಿದ್ದನ್ನೂ ಹೇಳುತ್ತಾನೆ. ತಾನು ಅನೇಕರನ್ನು ಕೊಂದವನು, ಅವರಲ್ಲಿ ತನ್ನ ತಂದೆಯೂ ಒಬ್ಬ ಎಂದು ಒಪ್ಪಿಕೊಳ್ಳುತ್ತಾನೆ. ನಾವು ಇದಕ್ಕಿಂತ ಉತ್ತಮರಾಗಬೇಕು ಎಂಬ ಅವನ ಮಾತಿಗೆ ಮಗನ ಮುಂದೆ ಬೆಲೆ ಬರುವುದು ಈ ಸತ್ಯ ಹೇಳಿದ ಮೇಲೆ.

ಕಲಿಸಿದ್ದನ್ನು ಹಿಂತೆಗೆದುಕೊಳ್ಳುವುದು

2022ರ ‘ಗಾಡ್ ಆಫ್ ವಾರ್ ರಾಗ್ನರಾಕ್’ ಹೊತ್ತಿಗೆ ಅಟ್ರಿಯಸ್ ಹದಿಹರೆಯದವನು. ತಂದೆಗೆ ಹೇಳದೆ ಹೊರಗೆ ಹೋಗುತ್ತಾನೆ, ಎದುರು ಮಾತಾಡುತ್ತಾನೆ, ಶತ್ರುವಾದ ಓಡಿನ್‌ನ ಬಳಿಗೇ ಹೋಗಿ ಸೇರಿಕೊಳ್ಳುತ್ತಾನೆ. ಪ್ರೌಢಶಾಲೆಯ ಶಿಕ್ಷಕರಿಗೆ ಈ ಹುಡುಗನ ಪರಿಚಯ ಮಾಡಿಕೊಡಬೇಕಾಗಿಲ್ಲ.

ಇಡೀ ಸರಣಿಯಲ್ಲಿ ನನಗೆ ಅತಿ ದೊಡ್ಡದಾಗಿ ಕಂಡ ಬದಲಾವಣೆ ಈ ಗೇಮಿನ ಕೊನೆಯ ಯುದ್ಧದಲ್ಲಿದೆ. ಶತ್ರುವಿನ ಕಷ್ಟಕ್ಕೆ ಮನಸ್ಸನ್ನು ಮುಚ್ಚಿಕೊಳ್ಳಬೇಕು ಎಂಬುದು ಕ್ರೇಟೋಸ್ ಮಗನಿಗೆ ಮೊದಲಿಂದಲೂ ಕಲಿಸಿದ ಪಾಠ. ಓಡಿನ್ ಅಮಾಯಕ ಜನರನ್ನು ಗೋಡೆಯಂತೆ ಮುಂದೆ ನಿಲ್ಲಿಸಿದಾಗ ಅಟ್ರಿಯಸ್ ತತ್ತರಿಸುತ್ತಾನೆ. ಆಗ ತಂದೆ ಹಳೆಯ ಪಾಠವನ್ನೇ ನೆನಪಿಸಲು ಹೊರಟು ನಡುವೆ ನಿಲ್ಲುತ್ತಾನೆ. ನಾನು ಕಲಿಸಿದ್ದು ತಪ್ಪಾಗಿತ್ತು, ಅವರ ನೋವಿಗೆ ಮನಸ್ಸನ್ನು ತೆರೆ ಎಂದು ತಿದ್ದಿ ಹೇಳುತ್ತಾನೆ. ದೇವತೆಗಳನ್ನೇ ಕೊಂದವನು ಯುದ್ಧಭೂಮಿಯಲ್ಲಿ ಮಗನ ಮುಂದೆ ತನ್ನ ಪಾಠವನ್ನು ಹಿಂತೆಗೆದುಕೊಂಡ. ಇದರಿಂದ ಅವನ ಅಧಿಕಾರ ಕಡಿಮೆಯಾಗುವುದಿಲ್ಲ. ಮಗ ಅವನನ್ನು ಹೆಚ್ಚು ನಂಬುತ್ತಾನೆ. ಕಪ್ಪುಹಲಗೆಯ ಮೇಲೆ ಬರೆದ ಸಮೀಕರಣ ತಪ್ಪೆಂದು ವಿದ್ಯಾರ್ಥಿ ತೋರಿಸಿದಾಗ ಶಿಕ್ಷಕರು ಏನು ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಕೊನೆಗೆ ಮಗ ತನ್ನ ದಾರಿ ಹುಡುಕಿಕೊಂಡು ಹೊರಡುತ್ತಾನೆ. ತಂದೆ ತಡೆಯುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ಉಚಿತವಾಗಿ ಬಿಡುಗಡೆಯಾದ ‘ವಲ್ಹಾಲಾ’ ಎಂಬ ಮುಂದುವರಿದ ಭಾಗದಲ್ಲಿ ಕ್ರೇಟೋಸ್ ತನ್ನ ಗ್ರೀಸಿನ ದಿನಗಳನ್ನು ಮತ್ತೆ ಎದುರಿಸುತ್ತಾನೆ, ಕೊನೆಗೆ ಸಿಂಹಾಸನದ ಮೇಲಿರುವ ತನ್ನದೇ ಯೌವನದ ರೂಪದ ಮುಂದೆ ನಿಲ್ಲುತ್ತಾನೆ. ಅಷ್ಟು ವರ್ಷಗಳ ನಂತರವೂ ಹಳೆಯ ಲೆಕ್ಕ ಮುಗಿದಿಲ್ಲ.

ಎರಡು ಆಕ್ಷೇಪಗಳು

ಇದಕ್ಕೆ ಎರಡು ಆಕ್ಷೇಪ ಬರಬಹುದು. ಮೊದಲನೆಯದು, ಬದಲಾಗಿದ್ದಾನೆ ಎನ್ನುವ ಈ ಕ್ರೇಟೋಸ್ ಹೊಸ ಗೇಮುಗಳಲ್ಲೂ ನೂರಾರು ಜನರನ್ನು ಕೊಲ್ಲುತ್ತಾನಲ್ಲ ಎಂಬುದು. ನಿಜ. ಮಾರಾಟವಾಗಬೇಕಾದ ಹೊಡೆದಾಟದ ಗೇಮಿಗೆ ಇದು ಮಿತಿಯೇ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಅಪೂರ್ಣ ಬದಲಾವಣೆಯೂ ಬದಲಾವಣೆಯೇ. ವಾರಕ್ಕೆ ಐದು ದಿನ ಜಗಳವಾಡುತ್ತಿದ್ದ ಹುಡುಗ ಎರಡು ದಿನ ಆಡಿದರೆ ‘ಇನ್ನೂ ಜಗಳಗಂಟ’ ಎಂದು ಬರೆಯುವುದು ಮಾಪನದ ತಪ್ಪು.

ಎರಡನೆಯದು, ಕ್ರೇಟೋಸ್ ಬದಲಾದದ್ದು ಬರೆದವರು ಬದಲಾದ್ದರಿಂದ ಎಂಬುದು. ತಮಗೆ ಮಗ ಹುಟ್ಟಿದ್ದು ಈ ಕಥೆಯ ಮೇಲೆ ಪ್ರಭಾವ ಬೀರಿತೆಂದು ಬಾರ್ಲಾಗ್ ಅವರೇ ಹೇಳಿದ್ದಾರೆ. ಮಕ್ಕಳನ್ನು ಹಾಗೆ ಯಾರೂ ಬರೆಯುವುದಿಲ್ಲವಲ್ಲ? ಒಂದು ಅರ್ಥದಲ್ಲಿ ನಾವು ಬರೆಯುತ್ತೇವೆ. ಸಂಚಿತ ದಾಖಲೆಯಲ್ಲಿ ಈ ವರ್ಷದ ಶಿಕ್ಷಕರು ಬರೆದದ್ದನ್ನು ಮುಂದಿನ ವರ್ಷದ ಶಿಕ್ಷಕರು ಓದುತ್ತಾರೆ. ಅಲ್ಲಿರುವ ಒಂದು ವಿಶೇಷಣ ಮಗುವಿಗಿಂತ ಮೊದಲೇ ಮುಂದಿನ ತರಗತಿಗೆ ಹೋಗಿ ಕೂತಿರುತ್ತದೆ.

ಹಾಗಾದರೆ ಏನು ಮಾಡಬೇಕು?

ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಪ್ರಯೋಗದ ದಾಖಲೆ ಪುಸ್ತಕದಲ್ಲಿ ‘ನೀರು ಬಿಸಿಯಾಗಿತ್ತು’ ಎಂದು ಬರೆಯುವುದಿಲ್ಲ. ಎಷ್ಟು ನಿಮಿಷದ ನಂತರ ಎಷ್ಟು ಡಿಗ್ರಿ ಎಂದು ಬರೆಯುತ್ತೇವೆ. ಒಂದೇ ಅಳತೆ ತೆಗೆದುಕೊಂಡು ನಕ್ಷೆ ಎಳೆದರೆ ಯಾವ ಪ್ರಾಧ್ಯಾಪಕರೂ ಒಪ್ಪುವುದಿಲ್ಲ. ಮಗುವಿನ ಸ್ವಭಾವದ ಬಗ್ಗೆ ಬರೆಯುವಾಗ ಮಾತ್ರ ಒಂದೇ ಅಳತೆ ಸಾಕೆಂದುಕೊಳ್ಳುತ್ತೇವೆ.

ಆದ್ದರಿಂದ ನನ್ನ ಸಲಹೆಗಳು ಇವು. ವ್ಯಕ್ತಿ ಅಧ್ಯಯನದ ನಮೂನೆಯಲ್ಲಿರುವ ‘ಸ್ವಭಾವ’ ಎಂಬ ಸಾಲನ್ನು ತೆಗೆದು, ಆ ಜಾಗದಲ್ಲಿ ದಿನಾಂಕ, ಸಂದರ್ಭ, ಮಗು ಮಾಡಿದ್ದು ಅಥವಾ ಹೇಳಿದ್ದು ಎಂಬ ಮೂರು ಕಾಲಂ ಇಡಬೇಕು. ಬೋಧನಾಭ್ಯಾಸದ ಮೊದಲ ವಾರ, ನಡುವಿನ ಒಂದು ವಾರ, ಕೊನೆಯ ವಾರ, ಹೀಗೆ ಕನಿಷ್ಠ ಮೂರು ಸಲ ತುಂಬಬೇಕು. ಪ್ರತಿ ಸಲವೂ ಗದ್ದಲದ ಘಟನೆಯ ಜೊತೆಗೆ ಕಣ್ಣಿಗೆ ಬೀಳದ ಒಂದು ಸಣ್ಣ ಘಟನೆಯನ್ನಾದರೂ ಬರೆಯಬೇಕು. ನಾಲ್ಕನೇ ಕಾಲಂ ಒಂದನ್ನು ನಮಗಾಗಿ ಇಟ್ಟುಕೊಳ್ಳಬಹುದು: ಆ ಹೊತ್ತಿನಲ್ಲಿ ಶಿಕ್ಷಕರು ಏನು ಮಾಡಿದರು? ಕ್ರೇಟೋಸ್ ಇಲ್ಲದೆ ಅಟ್ರಿಯಸ್‌ನ ಬದಲಾವಣೆ ಅರ್ಥವಾಗದು, ಅಟ್ರಿಯಸ್ ಇಲ್ಲದೆ ಕ್ರೇಟೋಸ್‌ನದೂ ಆಗದು.

ಇದಕ್ಕೆ ಹೆಚ್ಚು ಸಮಯ ಬೇಕು ಎಂಬುದು ನನಗೆ ಗೊತ್ತು. ಪಾಠಯೋಜನೆ, ಬೋಧನೋಪಕರಣ, ಸಹಪಾಠಿಗಳ ಪಾಠ ವೀಕ್ಷಣೆಯ ನಡುವೆ ಒಂದು ಮಗುವಿನ ಬಗ್ಗೆ ಮೂರು ಸಲ ಬರೆಯುವುದು ಸುಲಭವಲ್ಲ. ಆದರೆ ಇಡೀ ತರಗತಿಯ ಬಗ್ಗೆ ಹೀಗೆ ಬರೆಯಿರಿ ಎಂದು ನಾನು ಕೇಳುತ್ತಿಲ್ಲ. ನಮ್ಮಲ್ಲಿ ಪ್ರತಿಯೊಬ್ಬರೂ ಒಂದು ಮಗುವನ್ನು, ಅದರಲ್ಲೂ ‘ತಲೆ ಕೆಡಿಸಿಕೊಳ್ಳಬೇಡಿ’ ಎಂದು ಹೇಳಿದ ಮಗುವನ್ನೇ ಆರಿಸಿಕೊಂಡರೆ ಸಾಕು. ಮುಂದಿನ ತಂಡ ಶಾಲೆಗೆ ಹೋಗುವ ಮೊದಲು ಈ ನಮೂನೆಯ ಬಗ್ಗೆ ನಮ್ಮ ಬೋಧಕರು ಒಂದು ಅವಧಿ ಚರ್ಚೆಗೆ ಅವಕಾಶ ಮಾಡಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.